ಲಸಿಕೆ ಶೇ. 90, ಹಾಸಿಗೆ ಶೇ. 95 ಭರ್ತಿ, ಸಾಲು ಮಾತ್ರ ಕರಗುವುದಿಲ್ಲ: ಲೆಕ್ಕ ಎಲ್ಲಿ ತಪ್ಪುತ್ತಿದೆ?

ಜಗಲಿಕಟ್ಟೆ (ಚರ್ಚೆ ಆರಂಭಿಸಿದವರು)

ಸರ್ಕಾರಿ ಆಸ್ಪತ್ರೆಯ ಸಾಲಿನ ಮಾತು ಬಂದರೆ ಮೂರು ಉತ್ತರ ಸಿದ್ಧವಾಗಿಯೇ ಇರುತ್ತವೆ. ಡಾಕ್ಟರು ಸಾಲದು. ನೆಗಡಿ ಕೆಮ್ಮಿನವರೆಲ್ಲ ಎಮರ್ಜೆನ್ಸಿಗೆ ಬಂದು ತುಂಬಿಕೊಳ್ಳುತ್ತಾರೆ. ಲಸಿಕೆ ಶೇ. 90 ಮುಟ್ಟಿದೆ, ಆ ಕಡೆಯಿಂದ ಚಿಂತೆಯಿಲ್ಲ. ಮೂರರಲ್ಲೂ ಅರ್ಧ ನಿಜ ಇದ್ದಂತಿದೆ, ಉಳಿದರ್ಧ ಏನು? ಒಳಗಿನ ಕೆಲಸ ಗೊತ್ತಿರುವವರು ಅಂಕಿ ಸಮೇತ ಬರೆಯಿರಿ. ಯಾವ ಸರ್ಕಾರ, ಯಾವ ಪಕ್ಷ ಅನ್ನುವುದು ಇಲ್ಲಿ ಬೇಡ. ‘ನಮ್ಮವರಿಗೆ ಹೀಗಾಯಿತು’ ಎಂಬ ಅನುಭವಗಳಿಗೆ ಬೇರೆ ಎಳೆ ಇದೆ.

ಸಾಲುಲೆಕ್ಕ

ಮೊದಲನೆಯದರಿಂದ ಶುರು ಮಾಡೋಣ. ಕಾಯುವ ಸಮಯ ಎಷ್ಟು ಜನ ಬಂದರು ಅನ್ನುವುದರ ನೇರ ಅನುಪಾತದಲ್ಲಿ ಏರುವುದಿಲ್ಲ. ಒಬ್ಬ ಡಾಕ್ಟರು, ಒಬ್ಬ ರೋಗಿಗೆ ಸರಾಸರಿ 6 ನಿಮಿಷ, ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ನೋಡುವ ಸಮಯವೂ ಹೆಚ್ಚು ಕಡಿಮೆ ಆಗುತ್ತಿರುತ್ತದೆ ಎಂದಿಟ್ಟುಕೊಳ್ಳಿ. ಡಾಕ್ಟರ ಸಮಯದ ಶೇ. 80 ಭರ್ತಿಯಾಗಿದ್ದರೆ ಸರಾಸರಿ ಕಾಯುವಿಕೆ 24 ನಿಮಿಷ. ಶೇ. 90 ಆದರೆ 54 ನಿಮಿಷ. ಶೇ. 95 ಆದರೆ 114 ನಿಮಿಷ. ಭರ್ತಿಯ ಭಾಗವನ್ನು ಖಾಲಿ ಭಾಗದಿಂದ ಭಾಗಿಸಿ ಆರರಿಂದ ಗುಣಿಸಿದರೆ ಬರುವ ಅಂಕಿ ಇದು. ಕೊನೆಯ ಐದು ಶೇಕಡಾ ಕೆಲಸ ಹೆಚ್ಚಿಸಿದ್ದಕ್ಕೆ ಸಾಲು ಇಮ್ಮಡಿಯಾಯಿತು.

ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳಿಗೆ ಹಾಕಿದ ಲೆಕ್ಕದಿಂದ ಬೆಳೆದ ಶಾಸ್ತ್ರ ಇದು. ಆಸ್ಪತ್ರೆಗೂ ಅಷ್ಟೇ ಸರಿಯಾಗಿ ಒಗ್ಗುತ್ತದೆ.

ಆದರೆ ಬೆಳಗಿನ ಒಪಿಡಿಗೆ ಈ ಸೂತ್ರ ಹಾಗೇ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಜನ ಹೊತ್ತುಗೊತ್ತಿಲ್ಲದೆ ಬರುವುದಿಲ್ಲ. ಬಾಗಿಲು ತೆರೆಯುವ ಮೊದಲೇ ಎಲ್ಲರೂ ಬಂದಿರುತ್ತಾರೆ. 60 ಜನ ಒಟ್ಟಿಗೆ ನಿಂತರೆ ಕೊನೆಯವರು 354 ನಿಮಿಷ ಕಾಯುತ್ತಾರೆ, ಎಲ್ಲರ ಸರಾಸರಿ ಸುಮಾರು 3 ಗಂಟೆ. ಇನ್ನೊಬ್ಬ ಡಾಕ್ಟರನ್ನು ಹಾಕಿದರೆ ಇದು ಅರ್ಧಕ್ಕಿಳಿಯುತ್ತದೆ. ಒಬ್ಬರೇ ಡಾಕ್ಟರಿದ್ದು, ಟೋಕನ್ ಮೇಲೆ ಬರಬೇಕಾದ ಹೊತ್ತು ಅಚ್ಚಾಗಿ, ಜನ ಅದನ್ನು ನಂಬಿ ಬಂದರೆ ಅದಕ್ಕಿಂತಲೂ ಕೆಳಗಿಳಿಯುತ್ತದೆ. 1952ರಲ್ಲೇ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ ಇದಕ್ಕೊಂದು ಸರಳ ನಿಯಮ ಕೊಟ್ಟಿದ್ದರು: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ನೋಡುವ ಸಮಯಕ್ಕೆ ಒಬ್ಬರಂತೆ ಕರೆಯಿರಿ. ಮೊದಲ ರೋಗಿ ತಡವಾದರೂ ಡಾಕ್ಟರು ಸುಮ್ಮನೆ ಕೂರಬೇಕಿಲ್ಲ, ಉಳಿದವರೂ ಗುಂಪಾಗಿ ನಿಲ್ಲಬೇಕಿಲ್ಲ.

ಈ ನಿಯಮ ಕೆಡುವುದು ಎರಡು ಹಂತದಲ್ಲಿ. ಡಾಕ್ಟರೇ ಮುಕ್ಕಾಲು ಗಂಟೆ ತಡವಾಗಿ ಕೂತರೆ ಆ ದಿನದ ಟೋಕನ್ ಎಲ್ಲವೂ ಸುಳ್ಳಾಗುತ್ತವೆ. ವಾರದಲ್ಲಿ ಎರಡು ಸಲ ಹಾಗಾದರೆ ಮೂರನೆಯ ವಾರದಿಂದ ಯಾರೂ ಟೋಕನ್ ಹೊತ್ತನ್ನು ನಂಬುವುದಿಲ್ಲ, ಮತ್ತೆ ಬಾಗಿಲು ತೆರೆಯುವ ಮುಂಚೆ ಸಾಲು.

ಮರುಪ್ರಶ್ನೆ

> ಶೇ. 80 ಭರ್ತಿಯಾಗಿದ್ದರೆ...

ಅಂದರೆ ಐದರಲ್ಲಿ ಒಂದು ಪಾಲು ಹೊತ್ತು ಡಾಕ್ಟರು ಸುಮ್ಮನಿರಬೇಕು, ಐದರಲ್ಲಿ ಒಂದು ಹಾಸಿಗೆ ಖಾಲಿ ಇರಬೇಕು ಅಂತಲೇ? ಆಡಿಟ್‌ನವರು ಬಂದು ‘ಬಳಕೆಯಾಗದ ಸಾಮರ್ಥ್ಯ’ ಅಂತ ಷರಾ ಬರೆದು ಹೋಗುತ್ತಾರಲ್ಲ.

ಸಾಲುಲೆಕ್ಕ

ಬರೆಯುತ್ತಾರೆ, ಅಲ್ಲೇ ತೊಂದರೆ ಇರುವುದು. ಹಾಸಿಗೆಗಳ ಬಗ್ಗೆ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಗಣಕ ಮಾದರಿಯ ಅಧ್ಯಯನ ಬಂತು. ಸರಾಸರಿ ಭರ್ತಿ ಶೇ. 85 ದಾಟಿದರೆ ಹಾಸಿಗೆ ಸಿಗದ ಅಪಾಯ ಕಣ್ಣಿಗೆ ಕಾಣುವಷ್ಟಾಗುತ್ತದೆ, ಶೇ. 90 ದಾಟಿದರೆ ಹಾಸಿಗೆಯ ಬಿಕ್ಕಟ್ಟು ಮಾಮೂಲಿಯಾಗುತ್ತದೆ ಎಂದು ಅದು ತೋರಿಸಿತು. ಅಂದಿನಿಂದ ಎಲ್ಲರೂ ‘ಶೇ. 85’ ಅನ್ನುವುದನ್ನು ಮಂತ್ರದಂತೆ ಹೇಳುತ್ತಾರೆ. ನನ್ನ ತಕರಾರು ಅದಕ್ಕೇ ಇದೆ, ಏಕೆಂದರೆ ಆ ಅಂಕಿ ಎಲ್ಲ ಗಾತ್ರದ ವಾರ್ಡಿಗೂ ಒಂದೇ ಅಲ್ಲ.

ಎರ್ಲಾಂಗ್ 1917ರಲ್ಲಿ ಕೊಟ್ಟ ಇನ್ನೊಂದು ಸೂತ್ರದ ಪ್ರಕಾರ, 100 ಹಾಸಿಗೆಯ ಘಟಕಕ್ಕೆ ಸರಾಸರಿ 90 ಹಾಸಿಗೆಯಷ್ಟು ಬೇಡಿಕೆ ಇದ್ದರೆ ಬಂದವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಜಾಗ ಇರುವುದಿಲ್ಲ. ಅದೇ ಅನುಪಾತದಲ್ಲಿ 10 ಹಾಸಿಗೆಗೆ 9ರಷ್ಟು ಬೇಡಿಕೆ ಇದ್ದರೆ ನೂರಕ್ಕೆ ಸುಮಾರು 17 ಜನ ವಾಪಸ್. ಮಕ್ಕಳ ಐಸಿಯು, ಸುಟ್ಟಗಾಯದ ವಾರ್ಡು, ಪ್ರತ್ಯೇಕವಾಸದ ಕೊಠಡಿ ಇವೆಲ್ಲ ಚಿಕ್ಕವು. ಅವುಗಳಿಗೆ ಶೇ. 85 ಕೂಡ ಅತಿಯೇ. ದೊಡ್ಡ ಜನರಲ್ ವಾರ್ಡನ್ನು ಹತ್ತು ವಿಭಾಗಕ್ಕೆ ಹತ್ತು ತುಂಡು ಮಾಡಿ ‘ಇದು ನಮ್ಮ ಬೆಡ್, ಅದು ನಿಮ್ಮದು’ ಅಂತ ಬೇಲಿ ಹಾಕಿದರೂ ಇದೇ ಫಲ. ಒಂದೂ ಹಾಸಿಗೆ ಕಡಿಮೆಯಾಗಿರುವುದಿಲ್ಲ, ಕೊರತೆ ಮಾತ್ರ ಹುಟ್ಟಿರುತ್ತದೆ.

ಕೆಂಪುಪಟ್ಟಿ

ಟ್ರಯಾಜ್ (ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಕೆಲಸ) ಕಡೆಯಿಂದ ಎರಡನೆಯ ಅರ್ಧಸತ್ಯಕ್ಕೆ ಉತ್ತರ.

ನೆಗಡಿ ಕೆಮ್ಮಿನವರು ಎಮರ್ಜೆನ್ಸಿಯಲ್ಲಿ ಕುರ್ಚಿ ತುಂಬುತ್ತಾರೆ, ಟ್ರಾಲಿ ತುಂಬುವುದಿಲ್ಲ. ಹತ್ತು ನಿಮಿಷದಲ್ಲಿ ನೋಡಿ ಕಳಿಸಬಹುದಾದವರು ಅವರು. ಟ್ರಾಲಿ ಹಿಡಿದಿರುವವರು ಅಡ್ಮಿಟ್ ಎಂದು ತೀರ್ಮಾನವಾಗಿ, ಮೇಲೆ ವಾರ್ಡಿನಲ್ಲಿ ಹಾಸಿಗೆ ಇಲ್ಲದೆ ಕೆಳಗೇ ಉಳಿದವರು. ಲೆಕ್ಕ ಸುಲಭ: ಒಳಗಿರುವವರ ಸಂಖ್ಯೆ ಅಂದರೆ ಗಂಟೆಗೆ ಬರುವವರನ್ನು ಒಬ್ಬೊಬ್ಬರು ಇರುವ ಗಂಟೆಯಿಂದ ಗುಣಿಸಿದ್ದು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು. ಗಂಟೆಗೆ 4 ಜನರಿಗೆ ಟ್ರಾಲಿ ಬೇಕು, ಒಬ್ಬೊಬ್ಬರು 3 ಗಂಟೆ ಇರುತ್ತಾರೆ ಅಂದರೆ 12 ಟ್ರಾಲಿ ಸಾಕು. ಈಗ ದಿನಕ್ಕೆ 24 ಜನ ಅಡ್ಮಿಟ್ ಆಗಬೇಕಾದವರು ತಲಾ 6 ಗಂಟೆ ಹೆಚ್ಚುವರಿಯಾಗಿ ಕೆಳಗೇ ಕಾದರೆ 24 ಗಂಟೆಯೂ 6 ಟ್ರಾಲಿ ಹೋದಂತೆ. ಅರ್ಧ ಎಮರ್ಜೆನ್ಸಿ ಮುಚ್ಚಿದಂತೆ ಅನ್ನಿ. ಹೊರಗೆ ಆಂಬುಲೆನ್ಸ್ ರೋಗಿಯನ್ನು ಇಳಿಸಲಾಗದೆ ನಿಲ್ಲುವುದಕ್ಕೂ ಮೂಲ ಇದೇ, ಬಾಗಿಲ ಬಳಿ ನಿಂತಿರುವ ನೆಗಡಿಯವರಲ್ಲ.

ಇದು ಬರೀ ಅನನುಕೂಲದ ಮಾತಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು 2022ರಲ್ಲಿ ಎಮರ್ಜೆನ್ಸಿ ಮೆಡಿಸಿನ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಬಂದ ಮೇಲೆ 6ರಿಂದ 8 ಗಂಟೆ ದಾಟಿ ವಾರ್ಡಿಗೆ ಹೋದ ಪ್ರತಿ 82 ಒಳರೋಗಿಗಳಿಗೆ 30 ದಿನದೊಳಗೆ ಒಂದು ಹೆಚ್ಚುವರಿ ಸಾವು.

ಟ್ರಯಾಜ್ ಬಗ್ಗೆಯೂ ಒಂದು ಮಾತು. ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪಿಗೆ ತಕ್ಷಣ, ಕಿತ್ತಳೆಗೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240 ನಿಮಿಷ. ಇದು ಡಾಕ್ಟರು ನೋಡುವವರೆಗಿನ ಮಿತಿ. ಹೆಚ್ಚಿನ ಕಡೆ ಬಣ್ಣ ಒಂದು ಸಲ ಹಚ್ಚಿದರೆ ಮುಗಿಯಿತು. ಹಳದಿಯವರು ಮೂರು ಗಂಟೆ ಕಾದರೆ ಅವರು ಹಳದಿಯಾಗಿಯೇ ಉಳಿದಿರುತ್ತಾರೆ ಅನ್ನುವ ಖಾತ್ರಿ ಇಲ್ಲ. ಗುರಿಯ ಹೊತ್ತು ಮೀರಿದ ಪ್ರತಿಯೊಬ್ಬರ ನಾಡಿ, ಉಸಿರಿನ ವೇಗ, ರಕ್ತದೊತ್ತಡ, ಆಮ್ಲಜನಕ ಮತ್ತೆ ನೋಡಲೇಬೇಕು. ಅದಕ್ಕೆ ಒಬ್ಬ ನರ್ಸನ್ನು ಹೆಸರು ಬರೆದು ನಿಯೋಜಿಸದಿದ್ದರೆ ಯಾರೂ ಮಾಡುವುದಿಲ್ಲ.

ವಾರ್ಡ್‌ಪುಸ್ತಕ

ಕೆಂಪುಪಟ್ಟಿ ಮೇಡಂ ಹೇಳಿದ್ದರ ಮುಂದಿನ ತುದಿ ವಾರ್ಡು. ದಿನಕ್ಕೆ 40 ಅಡ್ಮಿಷನ್, ಸರಾಸರಿ 5 ದಿನ ಅಂದರೆ 200 ಹಾಸಿಗೆ. ಇದನ್ನು ನಾಲ್ಕೂವರೆ ದಿನಕ್ಕೆ ಇಳಿಸಿದರೆ 20 ಹಾಸಿಗೆ ಹೊಸದಾಗಿ ಕಟ್ಟಿಸಿದಂತೆ. ಆ ಅರ್ಧ ದಿನ ಎಲ್ಲಿದೆ ಅಂತ ಹುಡುಕಿದರೆ ಬಹುಪಾಲು ಡಿಸ್ಚಾರ್ಜ್ ದಿನದಲ್ಲೇ ಸಿಗುತ್ತದೆ.

ಬೆಳಿಗ್ಗೆ ರೌಂಡ್ಸ್‌ನಲ್ಲಿ ‘ಇವತ್ತು ಕಳಿಸಿ’ ಎಂದರೂ ರೋಗಿ ಹೊರಡುವುದು ಸಂಜೆ. ನಡುವೆ: ಡಿಸ್ಚಾರ್ಜ್ ಸಮ್ಮರಿ ಬರೆಯುವ ಕಿರಿಯ ವೈದ್ಯರು ಇನ್ನೂ ರೌಂಡ್ಸ್‌ನಲ್ಲಿ, ಕೊನೆಯ ರಕ್ತಪರೀಕ್ಷೆಯ ವರದಿ ಬರಬೇಕು, ಔಷಧ ವಿತರಣೆಯಲ್ಲಿ ಸಾಲು, ಮನೆಯವರು ಕೆಲಸ ಮುಗಿಸಿ ಬರಬೇಕು, ಆಮೇಲೆ ಹಾಸಿಗೆ ಶುಚಿ. ಎಮರ್ಜೆನ್ಸಿಯಲ್ಲಿ ಬೇಡಿಕೆ ಏರುವುದು ಮಧ್ಯಾಹ್ನಕ್ಕೆ ಮುಂಚೆ, ಹಾಸಿಗೆ ಖಾಲಿಯಾಗುವುದು ಸಂಜೆ. ಈ ಆರು ಗಂಟೆಯ ಅಂತರವೇ ಕೆಳಗಿನ ಟ್ರಾಲಿಗಳು.

ಕೆಲಸ ಮಾಡುವ ಕ್ರಮ: ಅಡ್ಮಿಟ್ ಆದ ಮರುದಿನವೇ ಅಂದಾಜು ಡಿಸ್ಚಾರ್ಜ್ ದಿನಾಂಕ ಬರೆದು ಮನೆಯವರಿಗೂ ಹೇಳಿ. ನಾಳೆ ಹೋಗಬಹುದಾದವರ ಸಮ್ಮರಿ, ಔಷಧ ಚೀಟಿ ಎರಡೂ ಇವತ್ತು ಸಂಜೆ ಸಿದ್ಧವಾಗಲಿ. ಅವರ ರಕ್ತದ ಮಾದರಿ ಬೆಳಗಿನ ಮೊದಲ ಸುತ್ತಿನಲ್ಲಿ ಹೋಗಲಿ. ರೌಂಡ್ಸ್‌ನಲ್ಲಿ ತೀರಾ ಹದಗೆಟ್ಟವರನ್ನು ಮೊದಲು, ಮನೆಗೆ ಹೋಗುವವರನ್ನು ಆಮೇಲೆ, ಉಳಿದವರನ್ನು ಕೊನೆಗೆ ನೋಡಿ. ಶನಿವಾರ ಭಾನುವಾರಕ್ಕೆ ‘ಜ್ವರ 24 ಗಂಟೆ ಇಲ್ಲದಿದ್ದರೆ, ಊಟ ಸೇರುತ್ತಿದ್ದರೆ, ಆಮ್ಲಜನಕ ಇಲ್ಲದೆ ಶೇ. 94 ಇದ್ದರೆ ಕಳಿಸಬಹುದು’ ಎಂಬಂಥ ಷರತ್ತನ್ನು ಶುಕ್ರವಾರವೇ ಹಿರಿಯ ವೈದ್ಯರು ಆಯಾ ರೋಗಿಗೆ ತಕ್ಕಂತೆ ಕೇಸ್ ಶೀಟಿನಲ್ಲಿ ಬರೆದಿಡಲಿ, ಡ್ಯೂಟಿ ಡಾಕ್ಟರು ಅದನ್ನು ನೋಡಿ ಕಳಿಸುತ್ತಾರೆ. ಇಲ್ಲದಿದ್ದರೆ ಎಲ್ಲರೂ ಸೋಮವಾರಕ್ಕೆ ಕಾಯುತ್ತಾರೆ.

ಒಂದು ಎಚ್ಚರಿಕೆ. ‘ಮಧ್ಯಾಹ್ನದೊಳಗೆ ಡಿಸ್ಚಾರ್ಜ್’ ಅನ್ನುವುದನ್ನೇ ಗುರಿ ಮಾಡಿ ಅಂಕ ಕೊಡಲು ಹೊರಟರೆ, ಇವತ್ತು ಸಂಜೆ ಹೋಗಬಹುದಾದವರನ್ನು ನಾಳೆ ಬೆಳಿಗ್ಗೆವರೆಗೆ ಇಟ್ಟುಕೊಳ್ಳುತ್ತಾರೆ. ಅಂಕಿ ಚೆನ್ನಾಗಿ ಕಾಣುತ್ತದೆ, ಹಾಸಿಗೆ ಒಂದು ರಾತ್ರಿ ನಷ್ಟ.

ಸಾಲುಲೆಕ್ಕ

ಸೇರಿಸುವುದು ಒಂದೇ. ತುರ್ತು ರೋಗಿಗಳ ಸಂಖ್ಯೆ ವಾರದ ದಿನದ ಪ್ರಕಾರ ಸಾಕಷ್ಟು ಊಹಿಸಬಹುದಾದದ್ದು. ಏರುಪೇರು ಜಾಸ್ತಿ ಇರುವುದು ಆಸ್ಪತ್ರೆಯೇ ನಿಗದಿ ಮಾಡುವ ಯೋಜಿತ ಆಪರೇಷನ್‌ಗಳಲ್ಲಿ. ಎಲ್ಲ ದೊಡ್ಡ ಸರ್ಜರಿ ಸೋಮವಾರ ಮಂಗಳವಾರಕ್ಕೇ ಬಿದ್ದರೆ ಬುಧವಾರ ಐಸಿಯು ಭರ್ತಿ, ಶನಿವಾರ ಖಾಲಿ. ಅಮೆರಿಕದ ಯೂಜೀನ್ ಲಿಟ್ವಾಕ್ ವರ್ಷಗಟ್ಟಲೆ ಹೇಳುತ್ತ ಬಂದದ್ದು ಇದನ್ನೇ. ಸರ್ಜನ್‌ಗಳ ಥಿಯೇಟರ್ ದಿನ ಬದಲಿಸುವುದು ಹಣದ ಪ್ರಶ್ನೆಯಲ್ಲ, ಹಿರಿತನದ ಪ್ರಶ್ನೆ. ಅದಕ್ಕೇ ಅದು ಕಷ್ಟ.

ಜಗಲಿಕಟ್ಟೆ

ಚೆನ್ನಾಗಿದೆ. ಆದರೆ ಲಸಿಕೆ ಇದರಲ್ಲಿ ಎಲ್ಲಿ ಬಂತು? ಮಕ್ಕಳ ಲಸಿಕೆಗೂ ವಯಸ್ಕರ ಒಪಿಡಿ ಸಾಲಿಗೂ ಸಂಬಂಧ ದೂರದ್ದಲ್ಲವೇ?

ದಡಾರಲೆಕ್ಕ

ಹತ್ತಿರದ್ದೇ. ಶೇ. 95 ಭರ್ತಿಯಾದ ವ್ಯವಸ್ಥೆಗೆ ಸಣ್ಣ ಏರಿಕೆಯನ್ನೂ ತಡೆಯುವ ಶಕ್ತಿ ಇರುವುದಿಲ್ಲ ಅಂತ ಮೇಲೆ ಸಾಬೀತಾಯಿತಲ್ಲ. ಲಸಿಕೆ ತಡೆಯುವುದು ಅಂಥ ಏರಿಕೆಯನ್ನೇ.

ಮೊದಲು ಶೇ. 90 ಏಕೆ ಸಾಲದು ನೋಡಿ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ದಡಾರ ರೋಗಿಯಿಂದ 12ರಿಂದ 18 ಜನರಿಗೆ ಹರಡುತ್ತದೆ. ಹರಡುವುದು ನಿಲ್ಲಬೇಕಾದರೆ ನೂರರಲ್ಲಿ 92ರಿಂದ 94 ಜನ ನಿಜವಾಗಿ ರಕ್ಷಿತರಾಗಿರಬೇಕು. ‘ಲಸಿಕೆ ಹಾಕಿದವರು’ ಬೇರೆ, ‘ರಕ್ಷಿತರು’ ಬೇರೆ. ಒಂದು ಡೋಸ್ ಸುಮಾರು ಶೇ. 93, ಎರಡು ಡೋಸ್ ಸುಮಾರು ಶೇ. 97 ರಕ್ಷಣೆ ಕೊಡುತ್ತವೆ. 9ನೇ ತಿಂಗಳಲ್ಲೇ ಕೊಟ್ಟ ಮೊದಲ ಡೋಸ್ ಇದಕ್ಕಿಂತ ಕಡಿಮೆ. ಎರಡೂ ಡೋಸ್ ಶೇ. 90 ಮಕ್ಕಳಿಗೆ ಆಗಿದ್ದರೂ ರಕ್ಷಿತರು ಶೇ. 87 ಮಾತ್ರ. ಅದಕ್ಕೇ ಎರಡು ಡೋಸ್ ಶೇ. 95 ಎಂಬ ಗುರಿ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಅಂದಾಜಿನಂತೆ 2024ರಲ್ಲಿ ಜಗತ್ತಿನ ಒಟ್ಟು ಸರಾಸರಿ ಮೊದಲ ಡೋಸ್ ಶೇ. 84, ಎರಡನೆಯದು ಶೇ. 76. ಯಾವುದೇ ಲಸಿಕೆಯ ಒಂದು ಡೋಸನ್ನೂ ಕಾಣದ ಮಕ್ಕಳು 1.43 ಕೋಟಿ.

ಎರಡನೆಯದು, ಉಳಿದವರು ಕರಗುವುದಿಲ್ಲ, ಕೂಡುತ್ತಾ ಹೋಗುತ್ತಾರೆ. ವರ್ಷಕ್ಕೆ 10,000 ಮಕ್ಕಳು ಹುಟ್ಟುವ ಕಡೆ ಒಂದೇ ಡೋಸ್, ಅದೂ ಶೇ. 90 ಆದರೆ ವರ್ಷಕ್ಕೆ 1,630 ಮಕ್ಕಳು ಅರಕ್ಷಿತರು. ಆರು ವರ್ಷಕ್ಕೆ ಹತ್ತಿರ ಹತ್ತಿರ 9,800, ಅಂದರೆ ಒಂದಿಡೀ ವರ್ಷದ ಜನನದಷ್ಟು. ಸಾಮೂಹಿಕ ಅಭಿಯಾನ ಆ ಮಟ್ಟ ಮುಟ್ಟುವ ಮುಂಚೆ ಆಗಬೇಕು ಅನ್ನುವುದು ರೂಢಿಯ ಸೂತ್ರ. ಐದು ವರ್ಷ ಏನೂ ಆಗಲಿಲ್ಲ ಅಂದರೆ ಎಲ್ಲ ಸರಿಯಿದೆ ಎಂದಲ್ಲ.

ಮೂರನೆಯದು ಸರಾಸರಿಯ ಮೋಸ. ತಲಾ 100 ಮಕ್ಕಳ ಹತ್ತು ಶಾಲೆ. ಒಂಬತ್ತರಲ್ಲಿ ಶೇ. 97, ಒಂದರಲ್ಲಿ ಶೇ. 40. ಸರಾಸರಿ 91.3, ವರದಿಯಲ್ಲಿ ಚೆಂದ ಕಾಣುತ್ತದೆ. ಆ ಹತ್ತನೆಯ ಶಾಲೆಯಲ್ಲಿ 60 ಮಕ್ಕಳು ಒಟ್ಟಿಗಿದ್ದಾರೆ. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆದದ್ದು ಹೀಗೇ: ಗೇನ್ಸ್ ಕೌಂಟಿಯ ಲಸಿಕೆ ಕಡಿಮೆಯಿದ್ದ ಒಂದು ಸಮುದಾಯದಿಂದ ಶುರುವಾಗಿ ಆ ರಾಜ್ಯದಲ್ಲಿ 762 ಪ್ರಕರಣ, ಎರಡು ಮಕ್ಕಳ ಸಾವು. ದೇಶದ ಮಟ್ಟದಲ್ಲಿ ಅದೇ ಅಮೆರಿಕ 2000ದಲ್ಲಿ ದಡಾರ ನಿರ್ಮೂಲನೆ ಘೋಷಿಸಿತ್ತು.

ಇನ್ನೂ ತೀವ್ರ ಉದಾಹರಣೆ ಸಮೋವಾ. 2018ರ ಜುಲೈನಲ್ಲಿ ಅಲ್ಲಿ ಇಬ್ಬರು ಶಿಶುಗಳು ಲಸಿಕೆಯ ಹಿಂದೆಯೇ ಸತ್ತರು. ಕಾರಣ ಲಸಿಕೆಯಲ್ಲ. ಪುಡಿಯನ್ನು ಕರಗಿಸಲು ನೀರಿನ ಬದಲು ಸ್ನಾಯು ಸಡಿಲಿಸುವ ಅರಿವಳಿಕೆ ಔಷಧ ಬೆರೆಸಲಾಗಿತ್ತು. ಲಸಿಕೆ ತಿಂಗಳುಗಟ್ಟಲೆ ನಿಂತಿತು, ನಂಬಿಕೆಯೂ ಹೋಯಿತು, ಮೊದಲ ಡೋಸ್ ಪ್ರಮಾಣ ಶೇ. 31ರ ಆಸುಪಾಸಿಗೆ ಕುಸಿಯಿತು. 2019ರ ಕೊನೆಯಲ್ಲಿ ದಡಾರ ಬಂದಾಗ ಸುಮಾರು 2 ಲಕ್ಷ ಜನರ ದೇಶದಲ್ಲಿ 5,700ಕ್ಕೂ ಹೆಚ್ಚು ಪ್ರಕರಣ, 83 ಸಾವು, ಬಹುಪಾಲು ಐದು ವರ್ಷದೊಳಗಿನವರು. ಹೊರದೇಶದ ವೈದ್ಯ ತಂಡಗಳು ಬರಬೇಕಾಯಿತು. ಸರ್ಕಾರಿ ಕಚೇರಿ ಮುಚ್ಚಿ, ಲಸಿಕೆ ಆಗಬೇಕಾದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿಸಿ ಮನೆಮನೆಗೆ ಹೋಗಿ ಹಾಕಿದರು.

ಕೆಂಪುಪಟ್ಟಿ

ಜಗಲಿಕಟ್ಟೆಯವರ ಪ್ರಶ್ನೆಗೆ ಒಂದೇ ಒಂದು ದಡಾರ ಕೇಸ್ ಇಟ್ಟುಕೊಂಡು ಉತ್ತರ ಕೊಡಬಹುದು.

ವೈರಸ್ ಗಾಳಿಯಲ್ಲಿ ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಉಳಿಯಬಲ್ಲದು. ಗುಳ್ಳೆ ಏಳುವ 4 ದಿನ ಮುಂಚಿನಿಂದಲೇ ಹರಡುತ್ತದೆ, ಆಗ ಅದು ಬರೀ ಜ್ವರ, ಕೆಮ್ಮು, ಕೆಂಪು ಕಣ್ಣು. ಅಂಥ ಮಗು ಕಾಯುವ ಕೋಣೆಯಲ್ಲಿ 3 ಗಂಟೆ ಕೂತಿತು ಅನ್ನಿ. ಆಗಲೇ 30 ಜನ ಇದ್ದರು, ಗಂಟೆಗೆ 20 ಜನ ಬರುತ್ತಾರೆ. ಮೂರು ಮತ್ತು ಎರಡು, 5 ಗಂಟೆ. ಒಟ್ಟು 130 ಜನರ ಪಟ್ಟಿ, ಜೊತೆಗೆ ಬಂದವರನ್ನು ಬಿಟ್ಟು. ಪ್ರತಿಯೊಬ್ಬರಿಗೂ ಫೋನ್ ಮಾಡಬೇಕು, ಲಸಿಕೆ ದಾಖಲೆ ಕೇಳಬೇಕು, ಗರ್ಭಿಣಿಯೇ, ಪುಟ್ಟ ಶಿಶುವೇ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದಾರೆಯೇ ವಿಚಾರಿಸಬೇಕು. ತಲಾ ಕಾಲು ಗಂಟೆ ಅಂದರೂ ಮೂವತ್ತೆರಡೂವರೆ ಗಂಟೆ ಕೆಲಸ. ಇದಕ್ಕೆ ಗಡುವೂ ಇದೆ: ಲಸಿಕೆ ಕೊಟ್ಟು ತಡೆಯಬೇಕೆಂದರೆ 72 ಗಂಟೆಯೊಳಗೆ, ಇಮ್ಯೂನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಆದರೆ 6 ದಿನದೊಳಗೆ.

ಆಮೇಲೆ ಸಿಬ್ಬಂದಿ. ರಕ್ಷಣೆಯ ಪುರಾವೆ ಇಲ್ಲದ ನರ್ಸು, ಡಾಕ್ಟರು, ಶುಚಿ ಮಾಡುವವರು ಸಂಪರ್ಕದ 5ನೇ ದಿನದಿಂದ 21ನೇ ದಿನದವರೆಗೆ ಕೆಲಸಕ್ಕೆ ಬರುವಂತಿಲ್ಲ. 17 ದಿನ. ನಾಲ್ವರು ಹಾಗೆ ಹೊರಗುಳಿದರೆ ರೋಸ್ಟರ್ ಗತಿ ಏನು ಯೋಚಿಸಿ. ಬಾಗಿಲ ಬಳಿಯೇ ‘ಜ್ವರದ ಜೊತೆ ಗುಳ್ಳೆ ಇದ್ದರೆ ಒಳಗೆ ಬರುವ ಮುನ್ನ ತಿಳಿಸಿ’ ಫಲಕ, ಮಾಸ್ಕ್, ಹೊರಗಿನಿಂದಲೇ ಬಾಗಿಲಿರುವ ಒಂದು ಕೋಣೆ, ಸಿಬ್ಬಂದಿಯ ಎರಡು ಡೋಸ್ ದಾಖಲೆ ಮೊದಲೇ ಕಡತದಲ್ಲಿ: ಈ ನಾಲ್ಕು ಇದ್ದರೆ ಮೇಲಿನದರಲ್ಲಿ ಬಹುಪಾಲು ತಪ್ಪುತ್ತದೆ. ಕೊನೆಯದನ್ನೇ ಎಲ್ಲರೂ ಮರೆಯುವುದು.

ಮರುಪ್ರಶ್ನೆ

ಸರಿ. ಆದರೆ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ ಅಂತ ಫ್ಲೂ ಕಾಲದಲ್ಲಿ ಪ್ರತಿ ವರ್ಷ ಸುದ್ದಿ ಬರುತ್ತದಲ್ಲ. ಹಾಗಾದರೆ ಹಾಸಿಗೆ ಉಳಿಯಿತು ಅನ್ನುವುದು ಹೇಗೆ?

ದಡಾರಲೆಕ್ಕ

ಸುದ್ದಿ ನಿಜ ಇರಬಹುದು, ತೀರ್ಮಾನ ತಪ್ಪು. 1,000 ವೃದ್ಧರಲ್ಲಿ 800 ಜನರಿಗೆ ಫ್ಲೂ ಲಸಿಕೆ ಆಗಿದೆ, ಅದು ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದುಕೊಳ್ಳಿ. ವೈರಸ್‌ಗೆ ಹೊಂದುವ ವರ್ಷ ಫ್ಲೂ ಲಸಿಕೆಯ ಪರಿಣಾಮ ಶೇ. 40ರಿಂದ 60, ಹಾಗಾಗಿ ಅರ್ಧ ಅನ್ನುವುದು ನ್ಯಾಯದ ಅಂದಾಜು. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 4 ಜನ ಆಸ್ಪತ್ರೆ ಸೇರುವಂತಿದ್ದರೆ 200ರಲ್ಲಿ 8, ಲಸಿಕೆ ಆದ 800ರಲ್ಲಿ 16. ಸೇರಿದವರಲ್ಲಿ ಮೂರರಲ್ಲಿ ಎರಡು ಪಾಲು ಲಸಿಕೆ ಆದವರೇ. ಆದರೆ ಯಾರಿಗೂ ಹಾಕದಿದ್ದರೆ 24ರ ಬದಲು 40 ಹಾಸಿಗೆ ಬೇಕಿತ್ತು. (ನೂರಕ್ಕೆ 4 ಎಂಬುದು ಲೆಕ್ಕ ತೋರಿಸಲು ಹಿಡಿದ ಅಂಕಿ.)

ಶ್ವಾಸಕೋಶದ ಸೋಂಕುಗಳಲ್ಲಿ ಇತ್ತೀಚಿನ ದೊಡ್ಡ ಫಲಿತಾಂಶ ಪುಟ್ಟ ಮಕ್ಕಳನ್ನು ಕಾಡುವ ಆರ್‌ಎಸ್‌ವಿ ವೈರಸ್ಸಿನದು. ಸ್ಪೇನಿನ ಗಲೀಸಿಯಾದಲ್ಲಿ 2023ರ ಸೆಪ್ಟೆಂಬರ್‌ನಿಂದ ಶಿಶುಗಳಿಗೆ ನಿರ್ಸೆವಿಮ್ಯಾಬ್ ಕೊಟ್ಟರು. ಅದು ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಶೇ. 90ಕ್ಕೂ ಹೆಚ್ಚು ಶಿಶುಗಳಿಗೆ ತಲುಪಿತು, ಆಸ್ಪತ್ರೆ ಸೇರಬೇಕಾದಷ್ಟು ತೀವ್ರ ಸೋಂಕಿನ ವಿರುದ್ಧ ಪರಿಣಾಮ ಸುಮಾರು ಶೇ. 82. ಸಾಲುಲೆಕ್ಕದವರು ಹೇಳಿದ 10 ಹಾಸಿಗೆಯ ಮಕ್ಕಳ ಘಟಕಕ್ಕೆ ಇದನ್ನು ಹಾಕಿ ನೋಡಿ, 9ರ ಬೇಡಿಕೆ 7ಕ್ಕಿಳಿದರೂ ವಾಪಸ್ ಹೋಗುವವರು ಅರ್ಧಕ್ಕಿಂತ ಕಡಿಮೆಯಾಗುತ್ತಾರೆ.

ಸಮಯ ಮುಖ್ಯ. ಫ್ಲೂ ಲಸಿಕೆಗೆ ಪ್ರತಿಕಾಯ ಬೆಳೆಯಲು ಎರಡು ವಾರ ಬೇಕು. ವಾರ್ಡು ತುಂಬಿದ ಮೇಲೆ ಅಭಿಯಾನ ಶುರು ಮಾಡಿದರೆ ಆ ಋತುವಿನ ಹಾಸಿಗೆ ಉಳಿಯುವುದು ಅಷ್ಟಕ್ಕಷ್ಟೇ.

ಕೋಲ್ಡ್‌ಚೈನ್

ಶೇ. 90 ಎಂಬ ಅಂಕಿಯನ್ನೇ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೀರಿ. ಅದು ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ನೋಡಿ.

ಮೇಲೆ ಹಾಕಿದ ಡೋಸು, ಕೆಳಗೆ ಗುರಿ ಮಕ್ಕಳು. ಕೆಳಗಿನದು ಹಳೆಯ ಜನಗಣತಿಯಿಂದ ಅಂದಾಜು ಮಾಡಿದ್ದು, ವಲಸೆ ಬಂದವರು ಅದರಲ್ಲಿಲ್ಲ. ಅದಕ್ಕೇ ಕೆಲವೆಡೆ ಶೇ. 108 ಅಂತಲೂ ವರದಿ ಬರುವುದು. ನೂರು ದಾಟಿದ ಅಂಕಿ ಕಂಡರೆ ಸಂತೋಷಪಡಬೇಡಿ, ಛೇದ ತಪ್ಪಿದೆ. ಪಕ್ಕದ ಪ್ರದೇಶದ ಮಕ್ಕಳು ಇಲ್ಲಿ ಬಂದು ಹಾಕಿಸಿಕೊಂಡಿರಬಹುದು, ಅಲ್ಲಿ ಶೇ. 70 ತೋರಿಸುತ್ತಿರುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಬಿಟ್ಟುಹೋದವರ ಪ್ರಮಾಣದ ಮೇಲೆ. ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಮೊದಲ ಡೋಸ್ ಪಡೆದವರಿಂದ ಮೂರನೆಯದು ಪಡೆದವರನ್ನು ಕಳೆದು, ಮೊದಲನೆಯದರಿಂದ ಭಾಗಿಸಿ. 200ರಲ್ಲಿ 168 ಮಾತ್ರ ಮೂರನೆಯದಕ್ಕೆ ಬಂದರೆ ಶೇ. 16. ಇಲ್ಲಿ ಜನಗಣತಿಯ ಛೇದವೇ ಬೇಡ. ಶೇ. 10 ದಾಟಿದರೆ ಜನ ಬರಲೊಲ್ಲರು ಎಂದಲ್ಲ, ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ ಎಂದರ್ಥ. ತಪ್ಪು ಕೇಂದ್ರದ ಕಡೆಯೇ ಹುಡುಕಬೇಕು.

ಏನೇನು ಕೆಡುತ್ತದೆ ಅಂದರೆ, ಮೊದಲು ವಯಲ್, ಅಂದರೆ ಲಸಿಕೆಯ ಪುಟ್ಟ ಬಾಟಲಿ. ದಡಾರ ಲಸಿಕೆ ಹಲವೆಡೆ 10 ಡೋಸಿನ ವಯಲ್‌ನಲ್ಲಿ ಬರುತ್ತದೆ. ಕರಗಿಸಿದ ಮೇಲೆ 6 ಗಂಟೆ ಅಥವಾ ಆ ದಿನದ ಸೆಷನ್ ಮುಗಿಯುವುದು, ಯಾವುದು ಮೊದಲೋ ಅಲ್ಲಿಗೆ ಎಸೆಯಬೇಕು. ಮೂರು ಮಕ್ಕಳು ಬಂದಿದ್ದಾರೆ, ಏಳು ಡೋಸ್ ಹಾಳಾಗುತ್ತದೆ, ವೇಸ್ಟೇಜ್ ಜಾಸ್ತಿಯಾದರೆ ಮೇಲಿನಿಂದ ಬೈಗುಳ. ಹಾಗಾಗಿ ‘ಮುಂದಿನ ವಾರ ಬನ್ನಿ’ ಅನ್ನುತ್ತಾರೆ. ಆ ಮೂವರಲ್ಲಿ ಒಬ್ಬರು ಬರುವುದಿಲ್ಲ. ಒಂದು ಮಗು ಬಂದರೂ ವಯಲ್ ಒಡೆಯಬೇಕು ಎಂಬ ಲಿಖಿತ ಸೂಚನೆ ಇರಬೇಕು, ಬೇಡಿಕೆ ಪಟ್ಟಿಯಲ್ಲೇ ನಷ್ಟ ಸೇರಿಸಬೇಕು. ನಷ್ಟ ಶೇ. 25 ಎಂದಿಟ್ಟುಕೊಂಡರೆ ಬೇಕಾದ ಡೋಸನ್ನು 1.33ರಿಂದ ಗುಣಿಸಿ, ಶೇ. 50 ಆದರೆ 2ರಿಂದ. ಅದಕ್ಕಿಂತ ಒಳ್ಳೆಯದು 5 ಡೋಸಿನ ವಯಲ್, ಸಿಗುವುದಾದರೆ.

ಆಮೇಲೆ ಚಳಿ. ಎಲ್ಲರೂ ಬಿಸಿಗೆ ಹೆದರುತ್ತಾರೆ, ಹೆಪ್ಪುಗಟ್ಟುವುದಕ್ಕೆ ಹೆದರುವುದಿಲ್ಲ. ಪೆಂಟಾ, ಡಿಪಿಟಿ, ಹೆಪಟೈಟಿಸ್ ಬಿ, ಟಿಡಿ ಇವು 2ರಿಂದ 8 ಡಿಗ್ರಿಯಲ್ಲಿರಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಶಕ್ತಿ ಹೋಯಿತು. ವಯಲ್ ಮೇಲೆ ಬಿಸಿಗೆ ಬಣ್ಣ ಬದಲಿಸುವ ವಿವಿಎಂ ಗುರುತಿನಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ಅದು ತೋರಿಸುವುದು ಬಿಸಿಯ ಹಾನಿಯನ್ನು ಮಾತ್ರ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ತುಂಬುವುದೇ ದೊಡ್ಡ ತಪ್ಪು. ಹೊರಗಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಅನುಮಾನ ಬಂದರೆ ಶೇಕ್ ಟೆಸ್ಟ್: ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಒಟ್ಟಿಗೆ ಕುಲುಕಿ, ಪಕ್ಕ ಪಕ್ಕ ಇಟ್ಟು 30 ನಿಮಿಷದವರೆಗೆ ನೋಡಿ. ಅನುಮಾನದ್ದರಲ್ಲಿ ಗಸಿ ಅಷ್ಟೇ ಬೇಗ ಕೂತರೆ ಎಸೆಯಿರಿ. ಹೀಗೆ ಸತ್ತ ಲಸಿಕೆ ಹಾಕಿದ ಮಗುವೂ ಆ ಶೇ. 90ರೊಳಗೇ ಇರುತ್ತದೆ.

ಸಮೋವಾದಂಥದ್ದು ತಪ್ಪಬೇಕಾದರೆ: ಲಸಿಕೆ ಫ್ರಿಜ್‌ನಲ್ಲಿ ಬೇರೆ ಯಾವ ಔಷಧವೂ ಇರಬಾರದು. ಪುಡಿಯ ಜೊತೆ ಅದೇ ತಯಾರಕರ ದ್ರಾವಕ, ಎಣಿಕೆಯಲ್ಲಿ ಸಮ. ಅಷ್ಟೇ, ಇದರಲ್ಲಿ ರಾಜಿ ಇಲ್ಲ.

ವಾರ್ಡ್‌ಪುಸ್ತಕ

ಅಂಕಿಯ ಮೋಸ ಕಾಯುವಿಕೆಯಲ್ಲೂ ಇದೆ. ‘ಸರಾಸರಿ ಕಾದ ದಿನ’ ಅನ್ನುವುದನ್ನು ಚಿಕಿತ್ಸೆ ಆಗಿಹೋದವರಿಂದ ಲೆಕ್ಕ ಹಾಕುತ್ತಾರೆ. ಇನ್ನೂ ಕಾಯುತ್ತಿರುವವರು ಅದರಲ್ಲಿಲ್ಲ. ಹೊಸಬರನ್ನೇ ಬೇಗ ಬೇಗ ಮುಗಿಸಿ, ವರ್ಷದಿಂದ ಕಾಯುತ್ತಿರುವವರನ್ನು ಮುಟ್ಟದೆ ಬಿಟ್ಟರೆ ಸರಾಸರಿ ಇಳಿಯುತ್ತದೆ! ಇಂಗ್ಲೆಂಡಿನಲ್ಲಿ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯನ್ನು ಇನ್ನೂ ಕಾಯುತ್ತಿರುವವರ ಮೇಲೆ ಅಳೆಯುವುದು ಇದೇ ಕಾರಣಕ್ಕೆ: ಪಟ್ಟಿಯಲ್ಲಿರುವವರಲ್ಲಿ ಶೇ. 92 ಜನ 18 ವಾರದೊಳಗಿರಬೇಕು. ಅಲ್ಲೂ ಗುರಿ ಮುಟ್ಟದೆ ವರ್ಷಗಳಾದವು, 2023ರ ಸೆಪ್ಟೆಂಬರ್ ಹೊತ್ತಿಗೆ ಪಟ್ಟಿ 77 ಲಕ್ಷ ದಾಟಿತ್ತು. ಆದರೆ ಕೊರತೆ ಮುಚ್ಚಿಡಲಾಗಲಿಲ್ಲ.

ಅಲ್ಲಿಯ ಎಮರ್ಜೆನ್ಸಿಯಲ್ಲಿ 4 ಗಂಟೆಯೊಳಗೆ ನೋಡಿ ಕಳಿಸಬೇಕು ಇಲ್ಲವೇ ಅಡ್ಮಿಟ್ ಮಾಡಬೇಕು ಎಂಬ ಗುರಿಯಿಂದ ಇನ್ನೊಂದು ಪಾಠ. ಎಷ್ಟು ಹೊತ್ತಿಗೆ ರೋಗಿಗಳು ಹೊರಹೋದರು ಅಂತ ಗ್ರಾಫ್ ಹಾಕಿದರೆ 4 ಗಂಟೆಗೆ ಸ್ವಲ್ಪ ಮುಂಚೆ ದೊಡ್ಡ ಮೊನೆ, ಅಂದರೆ ಗಡುವು ನೋಡಿಕೊಂಡು ಸಾಗಿಸಿದ್ದು. ನೀವು ಯಾವ ಆಸ್ಪತ್ರೆಯ ಅಂಕಿ ಕೇಳಿದರೂ ಸರಾಸರಿ ಕೇಳಬೇಡಿ. ಮಧ್ಯಾಂಕ (ಸರಿಯಾಗಿ ನಡುವಿನವರು ಕಾದ ಹೊತ್ತು), ನೂರರಲ್ಲಿ 92ನೆಯವರು ಎಷ್ಟು ಕಾದರು, ಇವತ್ತು ಅತಿ ಹೆಚ್ಚು ಕಾಯುತ್ತಿರುವವರು ಯಾವ ದಿನದಿಂದ: ಈ ಮೂರು ಕೇಳಿ.

ಜಗಲಿಕಟ್ಟೆ

ಕೋಲ್ಡ್‌ಚೈನ್ ಅವರಿಗೆ ಒಂದು ಪ್ರಶ್ನೆ. ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ ಅಂದಿರಿ. ಲಸಿಕೆ ಕೇಂದ್ರದಲ್ಲೂ ಸಾಲೇ ಕಾರಣವೇ?

ಕೋಲ್ಡ್‌ಚೈನ್

ದೊಡ್ಡ ಕಾರಣಗಳಲ್ಲಿ ಒಂದು. 6ನೇ ವಾರಕ್ಕೆ ಮಗು ಎತ್ತಿಕೊಂಡು ಬಂದ ತಾಯಿ ಮೂರು ಗಂಟೆ ಕೂತರೆ, ಒಂದು ದಿನದ ಕೂಲಿ ಹೋದರೆ, 14ನೇ ವಾರಕ್ಕೆ ಬರುವುದು ಅನುಮಾನ. ಅದೂ ಜ್ವರ ಬರಬಹುದು ಅಂತ ಮೊದಲೇ ಹೇಳದೆ ಕಳಿಸಿದ್ದರೆ ಇನ್ನೂ ಕಷ್ಟ.

ಸೆಷನ್‌ನಲ್ಲಿ ಸಾಲು ನಿಲ್ಲುವುದು ಸೂಜಿಯ ಬಳಿಯಲ್ಲ, ದಾಖಲೆಯ ಬಳಿ. ಒಬ್ಬ ಲಸಿಕೆ ಹಾಕುವವರು ಒಂದು ಮಗುವಿಗೆ 3-4 ನಿಮಿಷ ತೆಗೆದುಕೊಂಡರೆ ಗಂಟೆಗೆ 15ರಿಂದ 20 ಮಕ್ಕಳು. ಹೆಸರು ಹುಡುಕಿ, ಕಾರ್ಡು ನೋಡಿ, ರಿಜಿಸ್ಟರಿನಲ್ಲೂ ಫೋನಿನಲ್ಲೂ ಎರಡೆರಡು ಸಲ ಬರೆಯಲು 6 ನಿಮಿಷ ಹಿಡಿದರೆ ಅಲ್ಲಿಗೆ ಗಂಟೆಗೆ 10 ಮಾತ್ರ. ಇನ್ನೊಬ್ಬ ನರ್ಸನ್ನು ಹಾಕಿದರೆ ಪ್ರಯೋಜನವಿಲ್ಲ, ಬರೆಯುವವರನ್ನು ಹಾಕಿ. ಹಿಂದಿನ ದಿನವೇ ಬರಬೇಕಾದ ಮಕ್ಕಳ ಪಟ್ಟಿ ತೆಗೆದು ಕಾರ್ಡು ಜೋಡಿಸಿಟ್ಟರೆ ಆ 6 ನಿಮಿಷ ಎರಡಾಗುತ್ತದೆ.

ಹಾಕಿದ ಮೇಲೆ ನಿಗಾ ಇಡುವ ಜಾಗ ಬೇರೆ ಇರಬೇಕು. ಗಂಟೆಗೆ 20 ಮಕ್ಕಳು, ಅರ್ಧ ಗಂಟೆ ನಿಗಾ ಅಂದರೆ 10 ಕುರ್ಚಿ, ಮತ್ತೆ ಅದೇ ಲಿಟಲ್ ಸೂತ್ರ. ಕುರ್ಚಿ ಇಲ್ಲದಿದ್ದರೆ ಜನ ಹೊರಟುಬಿಡುತ್ತಾರೆ, ಇಲ್ಲವೇ ಬಾಗಿಲಲ್ಲೇ ನಿಂತು ಮುಂದಿನವರನ್ನು ತಡೆಯುತ್ತಾರೆ. ಅಡ್ರಿನಲಿನ್ ಇರುವ ಕಿಟ್ ಆ ಕುರ್ಚಿಗಳ ಕಡೆ ಇರಲಿ, ಒಳಗಿನ ಬೀರುವಿನಲ್ಲಿ ಬೇಡ. ಮುಂದಿನ ಡೋಸಿನ ದಿನಾಂಕವನ್ನು ಮಗು ಆ ಕುರ್ಚಿಯಲ್ಲಿರುವಾಗಲೇ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆದು, ಬಾಯಲ್ಲೂ ಹೇಳಿ, ಅದೇ ದಿನಾಂಕವನ್ನು ಕೇಂದ್ರದಲ್ಲಿ ಉಳಿಯುವ ಪ್ರತಿಯಲ್ಲೂ ಬರೆದು ಆ ತಿಂಗಳ ಕಟ್ಟಿನಲ್ಲಿಡಿ. ತಿಂಗಳ ಕೊನೆಗೆ ಆ ಕಟ್ಟಿನಲ್ಲಿ ಯಾರ ಪ್ರತಿ ಉಳಿದಿದೆಯೋ ಅವರೇ ಮನೆಗೆ ಹೋಗಿ ಕರೆಯಬೇಕಾದವರು.